ನಂಜನಗೂಡು ಎಂಬುವರು ಯಾರು?

ಕೋಡಂಬಾಕ್ಕಂನಲ್ಲಿ ಹೆಸರು ಬದಲಿಸುವುದು ಅಂಗಿ ಬದಲಿಸಿದಷ್ಟೇ ಸಲೀಸು. ಗಾಜನೂರಿನ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ರಾಜ್‌ಕುಮಾರ್ ಆದರು. ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕ್ವಾಡ್ 1975ರಲ್ಲಿ ರಜನಿಕಾಂತ್ ಆದರು. ಹಳೆಯ ಹೆಸರಿನವರೂ ಹೊಸ ಹೆಸರಿನವರೂ ಒಬ್ಬರೇ ಹೌದೋ ಅಲ್ಲವೋ ಎಂದು ಯಾರೂ ಅಫಿಡವಿಟ್ ಕೇಳಲಿಲ್ಲ. ಹುಟ್ಟಿದ ಹೆಸರಿನಲ್ಲೇ ಇಲ್ಲಿ ಬಾಳಿ, ಅದೇ ಹೆಸರಿನಲ್ಲಿ ತೀರಿಕೊಂಡ ನಮ್ಮ ತಾತ ಮಾತ್ರ ತಾನು ತಾನೇ ಎಂದು ಸತ್ತ ಮೇಲೆ ಸಾಬೀತು ಮಾಡಬೇಕಾಗಿ ಬಂತು.

ತಾತ ಮೇಕಪ್ ಸಹಾಯಕ. ಕನ್ನಡ ಸಿನಿಮಾ ಮದರಾಸಿನ ಸ್ಟುಡಿಯೋಗಳಲ್ಲೇ ಹುಟ್ಟಿ ಡಬ್ಬ ತುಂಬಿಕೊಂಡು ಬೆಂಗಳೂರಿಗೆ ರೈಲು ಹತ್ತುತ್ತಿದ್ದ ಕಾಲ ಅದು. (ವಾಹಿನಿ, ಎವಿಎಂ ಇದ್ದದ್ದು ವಡಪಳನಿಯಲ್ಲಿ ಎಂದು ಭೂಗೋಳ ಬಲ್ಲವರು ತಕರಾರು ತೆಗೆಯಬಹುದು. ಸಿನಿಮಾದವರ ಲೆಕ್ಕದಲ್ಲಿ ಆರ್ಕಾಟ್ ರೋಡ್ ಪೂರ್ತಿ ಕೋಡಂಬಾಕ್ಕಮ್ಮೇ.) ಮುಖಕ್ಕೆ ಬಣ್ಣ ಹಚ್ಚಿ ಹಚ್ಚಿ ತಾತನಿಗೆ ಒಂದು ಅರ್ಥಶಾಸ್ತ್ರ ಹೊಳೆದಿತ್ತು. ಹೀರೋಯಿನ್ ಹಚ್ಚಿಕೊಳ್ಳುವುದು ಪ್ಯಾನ್‌ಕೇಕ್. ಆದರೆ ಅವಳನ್ನು ನೋಡಿದವರೆಲ್ಲ ಮನೆಗೆ ಹೋಗಿ ಹಚ್ಚಿಕೊಳ್ಳುವುದು ಟಾಲ್ಕಂ ಪೌಡರು. “ಪಿಕ್ಚರ್ ತೋಪಾದ್ರೂ ಪೌಡರ್ ತೋಪಾಗಲ್ಲ ಕಣೋ” ಎಂದು ಪಲ್ಲಾವರದಲ್ಲಿ ಕಾರ್ಖಾನೆಯಿದ್ದ ಪಾಂಡ್ಸ್ ಕಂಪನಿಯ ಷೇರು ಕೊಂಡರು. ಅದರ ಜತೆಗೆ ಇನ್ನೂ ಒಂದಷ್ಟು. ಕೊಂಡು, ಸರ್ಟಿಫಿಕೇಟುಗಳನ್ನು ಹಳೆಯ ಒಂಟಿಕೊಪ್ಪಲ್ ಪಂಚಾಂಗಗಳ ನಡುವೆ ಸೇರಿಸಿ, ಮರೆತರು. ಮುಗಿದ ವರ್ಷದ ಪಂಚಾಂಗವನ್ನು ಯಾರು ತೆರೆಯುತ್ತಾರೆ? ಮನೆ ಖಾಲಿ ಮಾಡುವಾಗ ನಾನು ತೆರೆದೆ.

ಅಷ್ಟು ಹೊತ್ತಿಗೆ ಪಾಂಡ್ಸ್ ಕಂಪನಿಯೇ ಇರಲಿಲ್ಲ. 1998ರಲ್ಲಿ ಅದು ಹಿಂದೂಸ್ತಾನ್ ಲಿವರಿನಲ್ಲಿ ವಿಲೀನವಾಗಿತ್ತು. 2000ದಲ್ಲಿ ಲಿವರಿನ ಹತ್ತು ರೂಪಾಯಿ ಮುಖಬೆಲೆಯ ಷೇರು ಒಡೆದು ಒಂದು ರೂಪಾಯಿಯ ಹತ್ತಾಯಿತು. 2007ರಲ್ಲಿ ಲಿವರ್ ಹೋಗಿ ಯೂನಿಲಿವರ್ ಬಂತು. ಕಂಪನಿ ಮನೆತನ ಬದಲಿಸಿತು, ಹೆಸರು ಬದಲಿಸಿತು, ಷೇರನ್ನು ಚೂರು ಮಾಡಿತು. ಎಲ್ಲವೂ ಶಾಸ್ತ್ರೋಕ್ತ, ಎಲ್ಲಕ್ಕೂ ಕೋರ್ಟಿನ, ಕಾಯ್ದೆಯ ಮುದ್ರೆ. ಅಲುಗಾಡದೆ ಕುಳಿತಿದ್ದವರು ತಾತ ಒಬ್ಬರೇ. ಸಂಶಯ ಬಿದ್ದದ್ದೂ ಅವರ ಮೇಲೆಯೇ.

ಕಾನೂನು ಏನೆನ್ನುತ್ತದೆಂದರೆ, ಏಳು ವರ್ಷ ಸತತವಾಗಿ ಡಿವಿಡೆಂಡನ್ನು ಯಾರೂ ಕೇಳದಿದ್ದರೆ ಆ ಡಿವಿಡೆಂಡೂ, ಅದರ ಹಿಂದೆಯೇ ಷೇರೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. 2013ರ ಕಂಪನಿ ಕಾಯ್ದೆಯ 124 ಮತ್ತು 125ನೇ ಕಲಮುಗಳ ಕೆಲಸ ಅದು. ಬಾಯ್ತುಂಬ ಹೇಳಲು ಯಾರಿಗೂ ಆಗದ್ದರಿಂದ ಎಲ್ಲರೂ ಐಇಪಿಎಫ್ ಎನ್ನುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಹೋದದ್ದು ಮುಳುಗಿಹೋಗುವುದಿಲ್ಲ. ವಾರಸುದಾರರು ಯಾವಾಗ ಬೇಕಾದರೂ ಕೇಳಬಹುದು, ಗಡುವಿಲ್ಲ. ಕೇಳುವವರೆಗೆ ಆ ಷೇರುಗಳ ಮತದಾನದ ಹಕ್ಕು ಮಾತ್ರ ಸ್ತಬ್ಧ. ಅದನ್ನು ಓದಿ ಅಜ್ಜಿ, “ಅವರಿಗೆ ಈ ಮನೇಲೂ ವೋಟಿರಲಿಲ್ಲ ಬಿಡು” ಎಂದರು.

ಕೇಳುವುದಕ್ಕೆ ಫಾರ್ಮುಗಳಿವೆ. ಐಎಸ್‌ಆರ್ ಒಂದು, ಎರಡು ಎಂದು ಶುರುವಾಗಿ ಕೊನೆಗೆ ಐಇಪಿಎಫ್-5ಕ್ಕೆ ತಲುಪುವ ಸಾಲು. ಮರಣ ಪ್ರಮಾಣಪತ್ರ, ತಹಶೀಲ್ದಾರರಿಂದ ವಾರಸುದಾರರ ಪ್ರಮಾಣಪತ್ರ, ಇಂಡೆಮ್ನಿಟಿ ಬಾಂಡ್, ನೋಟರಿ ಸೀಲು, ನನ್ನ ಸಹಿ ನನ್ನದೇ ಎಂದು ಬ್ಯಾಂಕ್ ಮ್ಯಾನೇಜರರ ಸಹಿ. ಕಾಗದದ ಷೇರಿನ ವರ್ಗಾವಣೆಯನ್ನು ಸೆಬಿ 2019ರ ಏಪ್ರಿಲ್‌ನಿಂದ ನಿಲ್ಲಿಸಿರುವುದರಿಂದ, ಉಯಿಲು ಬರೆಯಲೂ ಆಲಸ್ಯ ಪಟ್ಟ ತಾತನ ಸಲುವಾಗಿ ಒಂದು ಡಿಮ್ಯಾಟ್ ಖಾತೆ ಕೂಡ ಬೇಕು. ಇದೆಲ್ಲ ನಾನು ನೋಡಿಕೊಳ್ಳುತ್ತೇನೆ, ಬಂದುದರಲ್ಲಿ ಕಾಲು ಭಾಗ ಕೊಡಿ ಸಾಕು ಎಂದು ಒಬ್ಬ ಸಲಹೆಗಾರ ಮನೆಗೇ ಬಂದ. ಕಾಫಿ ಕೊಟ್ಟು ಕಳಿಸಿದೆವು.

ಇಷ್ಟೆಲ್ಲ ದಾಟಿದ ಮೇಲೆ ಸಿಕ್ಕಿಕೊಂಡದ್ದು ಒಂದು ಇನಿಷಿಯಲ್ಲಿನಲ್ಲಿ. ಯಾವ ಕಂಪನಿಯ ಕಡತದಲ್ಲಿ ಎಂದು ಹೇಳುವುದಿಲ್ಲ. ಯಾವ ಕಂಪನಿಯಾದರೂ ಪ್ರಶ್ನೆ ಅದೇ ಆಗಿರುತ್ತಿತ್ತು. ತಾತನ ಹೆಸರಿನ ಮುಂದೆ ಎರಡಕ್ಷರ: ಎನ್., ಎಸ್. ನಮ್ಮ ಮೈಸೂರು ಸೀಮೆಯ ಪದ್ಧತಿಯಂತೆ ಮೊದಲನೆಯದು ಊರು, ಎರಡನೆಯದು ಅಪ್ಪ. ತಮಿಳುನಾಡಿನಲ್ಲಿ ಊರು, ಜಾತಿ ಎಲ್ಲ ಕಳಚಿ ಇನಿಷಿಯಲ್ ಎಂದರೆ ಅಪ್ಪ ಎಂದು ಗಟ್ಟಿಯಾಗಿ ನಿಂತುಬಿಟ್ಟಿದೆ. ಒಳ್ಳೆಯ ಪದ್ಧತಿಯೇ. ಆದರೆ ತಾತನ ಯಾವುದೋ ಗುರುತಿನ ಚೀಟಿಯಲ್ಲಿ ಯಾರೋ ಪುಣ್ಯಾತ್ಮರು ಎನ್ ಅನ್ನು ಬಿಡಿಸಿ, ತಂದೆಯ ಹೆಸರಿನ ಜಾಗದಲ್ಲಿ ‘ನಂಜನಗೂಡು’ ಎಂದು ಬರೆದಿದ್ದರು. ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಬೇರೆ. ಹಾಗಾಗಿ ಇವರು ಇಬ್ಬರು ತಾತಂದಿರಿರಬೇಕು.

“ನಂಜನಗೂಡು ಯಾರು ಸರ್?” ಎಂದು ಫೋನಿನಲ್ಲಿ ಒಬ್ಬ ಹುಡುಗ ವಿನಯವಾಗಿಯೇ ಕೇಳಿದ.

“ಊರಪ್ಪಾ.”

“ತಂದೆ ಅಂತ ಇದೆಯಲ್ಲ ಸರ್. ಅವರು ಇದ್ದಾರಾ?”

ಇದ್ದಾರೆ ಎಂದೆ. ಕಪಿಲಾ ತೀರದಲ್ಲಿ, ಶ್ರೀಕಂಠೇಶ್ವರನ ಜತೆ, ರಸಬಾಳೆ ಬೆಳೆದುಕೊಂಡು ಚೆನ್ನಾಗಿದ್ದಾರೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಿದ್ದರೆ ಅವರೂ ವಾರಸುದಾರರಾಗಬಹುದು, ಅವರದೊಂದು ಒಪ್ಪಿಗೆ ಪತ್ರ ತನ್ನಿ ಎಂದ. ಇಲ್ಲವಾದರೆ ಮರಣ ಪ್ರಮಾಣಪತ್ರ.

ನಂಜನಗೂಡಿಗೆ ಮರಣ ಪ್ರಮಾಣಪತ್ರ ಕೊಡಲು ಅಲ್ಲಿನ ನಗರಸಭೆ ಒಪ್ಪಲಾರದು ಎಂದು ನನಗನಿಸಿತು. ಕೊನೆಗೆ ವಕೀಲರೊಬ್ಬರು ಛಾಪಾಕಾಗದದ ಮೇಲೆ ಬರೆದುಕೊಟ್ಟರು: ನಂಜನಗೂಡು ಎಂಬುದು ವ್ಯಕ್ತಿಯಲ್ಲ, ಮೈಸೂರು ಜಿಲ್ಲೆಯ ಒಂದು ಪಟ್ಟಣ, ಮೇಲ್ಕಂಡ ಇಬ್ಬರೂ ಒಬ್ಬರೇ. ತಾತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕಾಗದದಲ್ಲಿ ಒಂದು ಜನ್ಮಕ್ಕಾಗುವಷ್ಟು ಬಂದಿದೆ.

ಒಪ್ಪಿಗೆ ಪತ್ರ ನಿಜವಾದ ವಾರಸುದಾರರಿಂದಲೂ ಬೇಕಿತ್ತು. ತಾತನ ತಿಥಿಗೆ ರೈಲು ಸಿಗದೆ ಹೋಗುತ್ತಿದ್ದ ಚಿಕ್ಕಪ್ಪ ಮೈಸೂರಿನಿಂದ ಶತಾಬ್ದಿಯಲ್ಲಿ ಬಂದಿಳಿದರು. ಮಲ್ಲೇಶ್ವರದ ಅತ್ತೆ ಫೋನಿನಲ್ಲೇ ಅತ್ತರು. “ಪೌಡರ್ ಕಂಪನೀದು ನಿನಗೇ ಅಂತ ಅಪ್ಪ ನನ್ನ ಮದುವೇಲೇ ಹೇಳಿದ್ರು.” ಮದುವೆಯ ದಿನ ಅತ್ತೆಗೆ ಮೇಕಪ್ ಮಾಡಿದ್ದೂ ತಾತನೇ ಎಂಬುದರಿಂದ ಆ ಮಾತಿಗೆ ಒಂದು ಬಲವಿತ್ತು. ಸಮಪಾಲು ಎಂದು ಅಜ್ಜಿ ತೀರ್ಪು ಕೊಟ್ಟ ಮೇಲೆ ಎಲ್ಲರೂ ಸಹಿ ಹಾಕಿದರು, ಪೂರ್ತಿ ಹೆಸರು ಬಿಡಿಸಿ ಬರೆದು.

ಕಟ್ಟಿನಲ್ಲಿ ಉಳಿದವುಗಳ ಗತಿ ಒಂದೊಂದು ಥರ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ಸ್, ಹೆರಾಲ್ಡ್ ಕಾರು ಮಾಡುತ್ತಿದ್ದವರು, ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಇವನ್ನು ಕೊಳ್ಳಲು ಜನ ಮುಗಿಬೀಳುತ್ತಿದ್ದ ಮದರಾಸು ಷೇರುಪೇಟೆಯೇ 2015ರಲ್ಲಿ ಬಾಗಿಲು ಹಾಕಿತು. ಬಿನ್ನಿಯ ಷೇರು ಕಂಡು ಮಾತ್ರ ನಮ್ಮ ಮನೆಯವರೆಲ್ಲ ಹಿಗ್ಗಿದರು; ಬೆಂಗಳೂರಿನ ಬಿನ್ನಿಪೇಟೆ ಪೂರ್ತಿ ನಮ್ಮದೇ ಎಂಬಂತೆ. ಪೆರಂಬೂರಿನ ಅವರ ಬಟ್ಟೆ ಮಿಲ್ಲು 1996ರಲ್ಲೇ ನಿಂತುಹೋಗಿತ್ತು.

ಪೌಡರಿನ ದುಡ್ಡು ಖಾತೆಗೆ ಬಂದ ಸಂಜೆ ಅತ್ತೆಗೆ ಫೋನ್ ಮಾಡಿದೆ. ಸಂತೋಷಪಟ್ಟರು. ಆಮೇಲೆ ಬಿನ್ನಿ ಮಿಲ್ಲಿನದು ಏನಾಯಿತು ಎಂದರು. ಮಿಲ್ಲಿಲ್ಲ ಅತ್ತೆ, ಆ ಹಾಳು ಶೆಡ್ಡುಗಳಲ್ಲಿ ಸಿನಿಮಾದವರು ಫೈಟಿಂಗ್ ತೆಗೆಯುತ್ತಿದ್ದರಂತೆ ಎಂದೆ.

“ಹಾಗಾದ್ರೆ ಬಾಡಿಗೇಲಿ ನಮ್ಮ ಪಾಲು ಕೇಳು. ಮೇಕಪ್‌ಗೆ ಯಾರಿದ್ರಂತೆ?”