ಸೊಸೈಟಿಯ ಸರ್ವರ್ ಬದಲಿಸುವ ಕೈಪಿಡಿ: ಗೋಕಾಕ, ಮೂಡಲಗಿ, ಹುಕ್ಕೇರಿ ಆವೃತ್ತಿ

ಬೇಕಾಗುವ ಸಾಮಗ್ರಿ: ಹೊಸ ಸರ್ವರ್, ಹಳೆಯ ಸಾಫ್ಟ್‌ವೇರ್‌ನ ಗೀರಿಲ್ಲದ ಸಿ.ಡಿ., ಅದನ್ನು ಬರೆದಾತನ ಈಗಿನ ಮೊಬೈಲ್ ನಂಬರು, ಚೇರಮನ್ನರ ಸಹಿ, ತಾಳ್ಮೆ. ಮೂರನೆಯದು ಸಿಗದಿದ್ದರೆ ಐದನೆಯದನ್ನು ದುಪ್ಪಟ್ಟು ಹಾಕಿ.

ಹಂತ 1. ಆಡಳಿತ ಮಂಡಳಿಯನ್ನು ಒಪ್ಪಿಸಿ. ವಿಂಡೋಸ್ ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೇ ಮುಗಿಯಿತು. 2026ರ ಅಕ್ಟೋಬರ್‌ವರೆಗೆ ಸುರಕ್ಷತಾ ಅಪ್‌ಡೇಟ್ ಏನಿದ್ದರೂ ಬೇರೆ ರೊಕ್ಕ ಕಟ್ಟಿದವರಿಗೆ. “ಚಾಲೂ ಐತಲ್ರೀ, ಯಾಕ್ ಮುಟ್ಟತೀರಿ?” ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಓಡುವುದು ಬೇರೆ, ನಿಂತಾಗ ಹೊಣೆ ಹೊರಲು ಒಬ್ಬರಿರುವುದು ಬೇರೆ ಎಂದು ಬಿಡಿಸಿ ಹೇಳಿ. ಹುಕ್ಕೇರಿಯವರಿಗೆ ಬೇಗ ತಿಳಿಯುತ್ತದೆ: ಕರೆಂಟು ಹೋದರೆ ಜಗಳಾಡಲಿಕ್ಕೆ ಅವರಿಗೆ 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಾಗಿಲಿದೆ. ಗೋಕಾಕ, ಮೂಡಲಗಿಯವರು ಇಲ್ಲಿ ಹೆಸ್ಕಾಂ ಎಂದು ಓದಿಕೊಳ್ಳುವುದು.

ಹಂತ 2. ಸಾಫ್ಟ್‌ವೇರ್ ವಿಷುವಲ್ ಬೇಸಿಕ್ 6ರದ್ದಾಗಿದ್ದರೆ ಗಾಬರಿ ಬೇಡ. 1998ರ ಆ ಭಾಷೆಯ ರನ್‌ಟೈಮ್ ಇಂದಿನ ವಿಂಡೋಸ್‌ನೊಳಗೂ ಬೆಚ್ಚಗೆ ಕೂತಿದೆ. ಆದರೆ ಗ್ರಿಡ್, ಕ್ಯಾಲೆಂಡರ್‌ನಂಥ ಒಸಿಎಕ್ಸ್ ಫೈಲುಗಳು ತಾವಾಗಿ ಬರುವುದಿಲ್ಲ. ಕೈಯಾರೆ ಹಾಕಿ ರಿಜಿಸ್ಟರ್ ಮಾಡಬೇಕು. 32 ಬಿಟ್ ಫೈಲುಗಳನ್ನು ‘ಸಿಸ್‌ವಾವ್64’ ಫೋಲ್ಡರಿಗೆ ಹಾಕಿ. 64 ಬಿಟ್ ಫೈಲುಗಳಿರುವುದು ‘ಸಿಸ್ಟಮ್32’ರಲ್ಲಿ. ಅಚ್ಚಿನ ದೋಷವಲ್ಲ, ಇನ್ನೊಮ್ಮೆ ಓದಿ. ಎಷ್ಟೋ ಪ್ರೋಗ್ರಾಮುಗಳಲ್ಲಿ ‘ಸಿಸ್ಟಮ್32’ ಎಂಬ ವಿಳಾಸ ಮೊದಲೇ ಬರೆದಿಟ್ಟದ್ದರಿಂದ, ಮನೆ ಬದಲಾದರೂ ಫಲಕ ಕೀಳಲಿಲ್ಲ.

ಡಾಟ್‌ನೆಟ್ 3.5 ಬೇಕೆಂದು ಕೇಳಿದರೆ ವಿಂಡೋಸ್‌ನ ಇನ್‌ಸ್ಟಾಲೇಶನ್ ಡಿವಿಡಿ ಕೊಡಿ. ಹೊಸ ಸರ್ವರಿಗೆ ಡಿವಿಡಿ ಡ್ರೈವೇ ಇಲ್ಲವೆಂಬುದು ಈಗ ಗೊತ್ತಾಗುತ್ತದೆ.

ಹಂತ 3. ಪಾಸ್‌ಬುಕ್ಕಿನಲ್ಲಿ ಖಾತೆದಾರರ ಹೆಸರಿನ ಜಾಗಕ್ಕೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರ ಬಂದರೆ ವೈರಸ್ ಎಂದು ಕೂಗಬೇಡಿ. ಹಳೆಯ ನುಡಿ ಫಾಂಟ್ ಹಾಕಿಲ್ಲ, ಅಷ್ಟೇ.

ಹಂತ 4. ಮೂಡಲಗಿಯವರಿಗೆ ಮಾತ್ರ. ನಿಮ್ಮ ಊರು ಗೋಕಾಕದಿಂದ ಬೇರೆಯಾಗಿ ತಾಲೂಕಾದದ್ದು ಸರ್ಕಾರಕ್ಕೆ ಗೊತ್ತು, ಸಾಫ್ಟ್‌ವೇರಿಗೆ ಗೊತ್ತಿಲ್ಲ. ತಾಲೂಕಿನ ಪಟ್ಟಿಯನ್ನು ಕೋಡಿನೊಳಗೇ ಬರೆದಿದ್ದರೆ ಒಂದು ಹೆಸರು ಸೇರಿಸಲಿಕ್ಕೂ ಮೂಲ ಕೋಡ್ ಬೇಕು, ವಿಬಿ6 ಬರೆಯುವ ಸಲಕರಣೆ ಬೇಕು. ಆ ಸಲಕರಣೆಯ ಸಪೋರ್ಟ್ 2008ರ ಏಪ್ರಿಲ್‌ನಲ್ಲೇ ನಿಂತಿದೆ. ಓಡಿಸಲಿಕ್ಕೆ ಅಡ್ಡಿಯಿಲ್ಲ, ತಿದ್ದಲಿಕ್ಕೆ ಜನವಿಲ್ಲ. ಸದ್ಯಕ್ಕೆ ‘ಗೋಕಾಕ’ ಆರಿಸಿ ಮುಂದುವರಿಯಿರಿ.

ಎಚ್ಚರಿಕೆ: ಸಿಟ್ಟಿನಲ್ಲಿ ಲಿನಕ್ಸಿಗೆ ಹಾರುವವರು ತಾರೀಕು ನೋಡಿ ಹಾರಿ. ಸೆಂಟೋಸ್ 8 ಅನ್ನು 2029ರವರೆಗೆ ನೆಚ್ಚಿಕೊಂಡವರಿಗೆ 2020ರ ಡಿಸೆಂಬರ್‌ನಲ್ಲಿ ಬಂದ ಸುದ್ದಿ: 2021ರ ಡಿಸೆಂಬರ್ 31ಕ್ಕೆ ಮುಕ್ತಾಯ.

ಹಂತ 5. ದೋಷ ಬಂದಾಗ ಸಾಫ್ಟ್‌ವೇರಿನವರು “ಅದು ವಿಂಡೋಸ್ ಪ್ರಾಬ್ಲಮ್‌ರೀ” ಎನ್ನುತ್ತಾರೆ; ಸರ್ವರ್ ಮಾರಿದವರು “ನಿಮ್ಮ ಅಪ್ಲಿಕೇಶನ್ ನೋಡ್ಕೋರಿ” ಎನ್ನುತ್ತಾರೆ. ಇಬ್ಬರನ್ನೂ ಒಂದೇ ಕಾನ್ಫರೆನ್ಸ್ ಕಾಲಿಗೆ ಎಳೆದು ನೀವು ಸುಮ್ಮನಿರಿ. ವರ್ಷದ ಎಎಂಸಿ ಚೆಕ್ಕಿಗೆ ಸಹಿ ಬೀಳುವ ಮೊದಲು ಕಾಗದದಲ್ಲಿ ಸರ್ವರಿನ ವಿಂಡೋಸ್ ಯಾವುದು ಎಂದು ಹೆಸರು ಹಿಡಿದು ಬರೆಸಿ. ‘ಎಲ್ಲ ವಿಂಡೋಸ್‌ಗೂ’ ಎಂದಿದ್ದರೆ ವಾಪಸ್ ಕಳಿಸಿ. ಮಾರ್ಚ್ ತಿಂಗಳಲ್ಲಿ ಮಾತ್ರ ಮೇಲಿನ ಯಾವ ಹಂತಕ್ಕೂ ಕೈ ಹಾಕಬೇಡಿ.