ವಾಹನಕೇಕು ಮೀಮಾಂಸೆ

ಶಾಸ್ತ್ರಗ್ರಂಥವು ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ಸ್ಪಷ್ಟಪಡಿಸಬೇಕೆಂಬ ನಿಯಮವಿರುವುದರಿಂದ ಅವನ್ನು ಮೊದಲು ಹೇಳಿಬಿಡುವುದು ಯುಕ್ತ. ಪ್ರಸ್ತುತ ಪ್ರಬಂಧದ ವಿಷಯವು ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಸಿದ್ಧವಾಗುವ ವಾಹನಾಕಾರದ ಕೇಕು, ಅದರಲ್ಲೂ ಜೆಸಿಬಿ. ಪ್ರಯೋಜನವು ಸಂಜೆ ಆರರೊಳಗೆ ಗೃಹಶಾಂತಿ. ಸಂಬಂಧವು ಹೆತ್ತವರಿಗೂ ಅವರು ಮಗುವನ್ನು ಉಣ್ಣಿಸುವ ಭರದಲ್ಲಿ ಕೊಟ್ಟುಬಿಟ್ಟ ಮಾತಿಗೂ ಇರುವಂಥದ್ದು. ಅಧಿಕಾರಿ, ಎಂದರೆ ಗ್ರಂಥವನ್ನು ಓದಲು ಅರ್ಹರಾದವರು, ಹಿಂದಿನ ರಾತ್ರಿ ಹನ್ನೊಂದರ ಮೇಲೂ ಅಡುಗೆಮನೆಯಲ್ಲಿ ಎಚ್ಚರವಾಗಿರುವ ಗೃಹಸ್ಥರು. ಕೃತಿಯ ಗುಣದೋಷಗಳನ್ನು ತೀರ್ಮಾನಿಸುವ ಹಕ್ಕು ಮಾತ್ರ ಇನ್ನೂ ಅಕ್ಷರಾಭ್ಯಾಸವಾಗದ, ನಾಲ್ಕು ತುಂಬಲಿರುವ ಪರೀಕ್ಷಕನದು.

ಇನ್ನು ಲಕ್ಷಣವಿಚಾರ. ಚಕ್ರಗಳಿದ್ದೂ ಚಲಿಸದಿರುವುದೇ ವಾಹನಕೇಕು ಎಂದರೆ ಅತಿವ್ಯಾಪ್ತಿ ದೋಷ, ಅಂದರೆ ಸಂಬಂಧವಿಲ್ಲದ ವಸ್ತುವಿಗೂ ಲಕ್ಷಣವು ಹೊಂದಿಬಿಡುವ ದೋಷ, ಉಂಟಾಗಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಹೊತ್ತು ನಿಂತಿರುವ ಸಮಸ್ತ ವಾಹನಗಳೂ ಕೇಕುಗಳೇ ಆಗಿಬಿಡುತ್ತವೆ. ತಿನ್ನಲು ಬರುವಂಥದ್ದು ಎಂದು ಸೇರಿಸಿದರೆ, ಮರದ ಅಚ್ಚಿಗೆ ಪಾಕ ಹೊಯ್ದು ತೆಗೆಯುವ ಸಂಕ್ರಾಂತಿಯ ಸಕ್ಕರೆ ಅಚ್ಚಿನ ತೇರು ಒಳನುಗ್ಗುತ್ತದೆ. ಮೇಲೆ ಮೇಣದಬತ್ತಿ ನಿಲ್ಲಿಸಿ ಊದಿ ಆರಿಸಬಹುದಾದದ್ದು ಎಂದು ಮತ್ತೂ ಬಿಗಿಗೊಳಿಸಿದರೆ ತೇರು ಹೊರಹೋಗುವುದು ನಿಜವಾದರೂ, ಚಕ್ರದ ಬದಲು ಚೈನಿನ ಮೇಲೆ ಸಾಗುವ ಹಿಟಾಚಿಯ ಕೇಕು ಲಕ್ಷಣಕ್ಕೆ ನಿಲುಕದೆ ಉಳಿದು ಅವ್ಯಾಪ್ತಿ ದೋಷ ತಗಲುತ್ತದೆ. ಆದಕಾರಣ, ಪರೀಕ್ಷಕನು ನೋಡಿದೊಡನೆ, ಯಾರೂ ಹೇಳಿಕೊಡದೆ, ಯಾವ ವಾಹನದ ಹೆಸರನ್ನು ಕೂಗುವನೋ ಆ ವಾಹನದ ಕೇಕೇ ವಾಹನಕೇಕು ಎಂಬುದು ಸಿದ್ಧಾಂತ. ರುಚಿಯು ಈ ಲಕ್ಷಣದಲ್ಲಿ ಎಲ್ಲಿಯೂ ಬಾರದಿರುವುದನ್ನು ಗಮನಿಸಬೇಕು.

ಗುರುತೇ ಪ್ರಮಾಣವಾದ ಮೇಲೆ ಮೂಲವಸ್ತುವಿನ ಪರಿಚಯ ಅಗತ್ಯ. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರಿನಲ್ಲಿ ಆರಂಭಿಸಿದ ಜೆಸಿಬಿ ಸಂಸ್ಥೆಯ ಯಂತ್ರಗಳು 1979ರಿಂದ ಹರಿಯಾಣದ ಬಲ್ಲಭಗಢದಲ್ಲಿಯೂ ತಯಾರಾಗತೊಡಗಿದವು. ಚರಂಡಿ, ಕೇಬಲ್ಲು, ನೀರಿನ ಪೈಪು ಎಂದು ಒಂದಾದ ಮೇಲೊಂದು ನೆಪದಲ್ಲಿ ರಸ್ತೆ ಅಗೆಯುವ ಕಾರ್ಯ ವರ್ಷವಿಡೀ ನಡೆಯುವುದರಿಂದ ಪರೀಕ್ಷಕನ ಕ್ಷೇತ್ರಾಧ್ಯಯನಕ್ಕೆ ನಮ್ಮ ಊರುಗಳಲ್ಲಿ ಎಂದೂ ಕೊರತೆಯಾಗಿಲ್ಲ. ಮುಂದಿನ ಚಕ್ರಗಳು ಚಿಕ್ಕವು, ಹಿಂದಿನವು ದೊಡ್ಡವು, ಮುಂದೆ ಅಗಲ ಬಕೆಟ್ಟು, ಹಿಂದೆ ಮಡಚುವ ತೋಳು ಎಂಬ ನಾಲ್ಕು ಅಂಶಗಳನ್ನು ಆತ ಬಲ್ಲ. ಎಂಜಿನಿಯರಿಂಗ್ ಓದಿದ ತಂದೆಗೆ ಇವುಗಳಲ್ಲಿ ಎರಡು ಮಾತ್ರ ನೆನಪಿರುತ್ತವೆ.

ನಿರ್ಮಾಣಕ್ರಮ ಹೀಗಿದೆ. ಓವನ್ ಇಲ್ಲದ ಮನೆಯಲ್ಲಿ ಗ್ಯಾಸ್ಕೆಟ್ಟು, ವಿಶಲ್ಲು ಎರಡನ್ನೂ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಅದರ ಮೇಲೆ ಸ್ಟ್ಯಾಂಡಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದ ದುಂಡನೆಯ ಕೇಕನ್ನು, ಬಿಸಿಯಿರುವಾಗ ಕತ್ತರಿಸಿದರೆ ಉದುರುವುದರಿಂದ, ಒಂದು ರಾತ್ರಿ ಆರಲು ಬಿಟ್ಟು ಮರುದಿನ ಆಯತಾಕಾರಕ್ಕೆ ತರಬೇಕು. ಉಳಿದ ಅಂಚುಗಳ ಪುಡಿಯೇ ಜೆಸಿಬಿ ಅಗೆದ ಮಣ್ಣು. ಕಾರು, ವಿಮಾನ ಮೊದಲಾದ ಇತರ ಪ್ರಕಾರಗಳಲ್ಲಿ ತ್ಯಾಜ್ಯವಾಗುವುದು ಇಲ್ಲಿ ದೃಶ್ಯದ ಅಂಗವಾಗುವುದಲ್ಲದೆ, ವಾಹನದ ಒಂದು ಪಾರ್ಶ್ವವೇ ಕುಸಿದರೂ ಪಕ್ಕದಲ್ಲಿ "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಫಲಕ ನೆಟ್ಟು ದೋಷವನ್ನು ಗುಣವಾಗಿಸಬಹುದು. ಆಯತದ ಮೇಲೆ ಮೊದಲು ತೆಳುವಾಗಿ ಕ್ರೀಮು ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದುಂಟು. ಗೋಡೆಗೆ ಬಣ್ಣಕ್ಕಿಂತ ಮುಂಚೆ ಮಾಡುವ ಗಿಲಾವಿನಂತೆ ಇದು ಉದುರುವ ಪುಡಿಯನ್ನು ಹಿಡಿದಿಟ್ಟು ಮೇಲಿನ ಪದರವನ್ನು ನಯಗೊಳಿಸುತ್ತದೆ. ಚಕ್ರಗಳು ಭಾರ ಹೊರುವುದಿಲ್ಲ. ಒಡಲನ್ನು ಕೆಳಗಿನಿಂದ ಥರ್ಮೋಕೋಲಿನ ಪೀಠ ಎತ್ತಿ ಹಿಡಿದಿರುವಾಗ, ಮುಂದೆ ಓರಿಯೊ ಬಿಸ್ಕತ್ತುಗಳೂ ಹಿಂದೆ ಲೋಟದ ಬಾಯಿಯಿಂದ ಒತ್ತಿ ತೆಗೆದ ಚಾಕೊಲೇಟು ಕೇಕಿನ ಬಿಲ್ಲೆಗಳೂ ಪಕ್ಕಕ್ಕೆ ಅಂಟಿಕೊಂಡು ಭಾರ ಹೊತ್ತಂತೆ ನಟಿಸುತ್ತವೆ. ಹಿಂದಿನ ತೋಳನ್ನು ಕೇಕಿನಿಂದ ಮಾಡಿದವರ ಕೃತಿಗಳು ಉಳಿದುಬಂದಿಲ್ಲವಾದ್ದರಿಂದ, ಬಿದಿರುಕಡ್ಡಿಗೆ ವೇಫರ್ ಬಿಸ್ಕತ್ತು ಜೋಡಿಸಿ ಫಾಂಡೆಂಟ್, ಅಂದರೆ ಚಪಾತಿಯಂತೆ ಲಟ್ಟಿಸಬಹುದಾದ ಸಕ್ಕರೆಯ ಕಣಕ, ಹೊದಿಸುವುದೇ ಶಿಷ್ಟಾಚಾರ. ಹಂಚುವ ಮುನ್ನ ಕಡ್ಡಿಯನ್ನು ತೆಗೆಯತಕ್ಕದ್ದು.

ಬಣ್ಣದ ಪ್ರಕರಣದಲ್ಲಿ ಸ್ವದೇಶಿವಾದಿಗಳು ಅರಿಶಿನವನ್ನು ಸೂಚಿಸುವುದುಂಟು. ಆದರೆ ಅರಿಶಿನದ ನೀರಿಗೆ ಸುಣ್ಣ ಸೇರಿದರೆ ಆರತಿಯ ಕೆಂಪು ಓಕುಳಿ ಬರುವಂತೆ, ಕ್ಷಾರಗುಣದ ಅಡುಗೆ ಸೋಡಾ ಹೆಚ್ಚಾದ ಹಿಟ್ಟಿನಲ್ಲಿಯೂ ಅರಿಶಿನ ಕೆಂಪಿಗೆ ತಿರುಗುವುದರಿಂದ, ಜೆಸಿಬಿಯೆಂದು ಕುಕ್ಕರ್ ಹೊಕ್ಕದ್ದು ಅಗ್ನಿಶಾಮಕ ವಾಹನವಾಗಿ ಹೊರಬರುವ ಅಪಾಯವಿದೆ. ಟಾರ್ಟ್ರಜೀನ್ ಮುಂತಾದ ಅನುಮತಿಸಿದ ಕೃತಕ ಬಣ್ಣಗಳಿಗೆ ಕಾನೂನು ಸಾಮಾನ್ಯವಾಗಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ ಮಿತಿ ವಿಧಿಸಿದೆ. ಹವಾಮಾನವೂ ವಿಚಾರಣೀಯ: ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಬೆಣ್ಣೆಯ ಕ್ರೀಮು ಕರಗಿ ಯಂತ್ರವು ತಾನು ತೋಡಿದ ಗುಂಡಿಗೇ ಇಳಿಯುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವ ಹೀರಿ ಫಾಂಡೆಂಟ್ ಬೆವರುತ್ತದೆ.

ಇಲ್ಲಿ ಪೂರ್ವಪಕ್ಷ: ಬೇಕರಿಯ ದುಂಡು ಕೇಕಿನ ಮೇಲೆ ಆಟಿಕೆಯ ಜೆಸಿಬಿ ಇಟ್ಟರೆ ಸಾಲದೆ? ಸಾಲದು, ತೇರಿನಲ್ಲಿ ಕುಳಿತ ಉತ್ಸವಮೂರ್ತಿಯೇ ತೇರಲ್ಲವಾದ್ದರಿಂದ ಅದು ಕೇಕಿನ ಮೇಲಿನ ವಾಹನವೇ ಹೊರತು ವಾಹನಕೇಕಲ್ಲ. ಆದರೂ ಸಿದ್ಧಾಂತಿಗಳಲ್ಲಿ ಅನೇಕರು ರಾತ್ರಿ ಹನ್ನೆರಡರ ಸುಮಾರಿಗೆ ಪೂರ್ವಪಕ್ಷಕ್ಕೆ ಮತಾಂತರಗೊಳ್ಳುವುದನ್ನು ಪ್ರಾಮಾಣಿಕ ವಿದ್ವಾಂಸರು ಮುಚ್ಚಿಡಲಾರರು.

ಕೊನೆಯದು ವಿಭಾಗಪ್ರಕರಣ. ಒಡಲನ್ನು ಯಾರೂ ಕೇಳುವುದಿಲ್ಲ. ಅದು ಹಿರಿಯರ ಪಾಲಿಗೆ ಸಲ್ಲುತ್ತದೆ. ಮಕ್ಕಳೆಲ್ಲರೂ ಕೇಳುವುದು ಚಕ್ರವನ್ನು ಮತ್ತು ಬಕೆಟ್ಟನ್ನು. ಜೆಸಿಬಿಗಾದರೋ ಚಕ್ರಗಳು ನಾಲ್ಕೇ, ಮುಂದಿನ ಬಕೆಟ್ಟಂತೂ ಪರೀಕ್ಷಕನ ಸ್ವಯಾರ್ಜಿತ ಆಸ್ತಿ. ಹೀಗಾಗಿ, ಆಹ್ವಾನಿತ ಮಕ್ಕಳ ಸಂಖ್ಯೆಗಿಂತ ಚಕ್ರಗಳ ಸಂಖ್ಯೆ ಕಡಿಮೆಯಿರಕೂಡದು ಎಂಬ ಸೂತ್ರ ಸಿದ್ಧವಾಗುತ್ತದೆ. ಅದರ ಪ್ರಕಾರ ಮುಂದಿನ ವರ್ಷಕ್ಕೆ ಗೂಡ್ಸ್ ರೈಲು ಶ್ರೇಷ್ಠ. ರೈಲಿಗೂ ಎಂಜಿನ್ ಒಂದೇ ಅಲ್ಲವೇ, ಜಗಳ ಅಲ್ಲಿಗೆ ವರ್ಗವಾಗುವುದಿಲ್ಲವೇ ಎಂದು ಆಕ್ಷೇಪಿಸುವವರಿಗೆ, ಸಕಲೇಶಪುರದ ಘಟ್ಟದಲ್ಲಿ ಗೂಡ್ಸ್ ರೈಲುಗಳ ಹಿಂಬದಿಗೂ ಎಂಜಿನ್ನುಗಳನ್ನು ಜೋಡಿಸುವ ಪದ್ಧತಿಯೇ ಸಾಕಾದಷ್ಟು ಸಮಾಧಾನ.