ವಿದ್ಯಾರ್ಥಿ ಚಿತ್ರತಂಡದಲ್ಲಿ ಕಾರ್ಯಪಲ್ಲಟ: ಒಂದು ತಾತ್ವಿಕ ಅನುಸಂಧಾನ

ವಿದ್ಯಾರ್ಥಿ ಕಿರುಚಿತ್ರದ ಸೆಟ್ಟು ಬಹುಶಿಸ್ತೀಯ ಸಂಕಥನಗಳು ಮುಖಾಮುಖಿಯಾಗುವ, ಜ್ಞಾನವೂ ಚಿತ್ರಾನ್ನವೂ ತಡವಾಗಿ ತಲುಪುವ ತಾಣ. ಪ್ರತಿಯೊಬ್ಬರೂ ಸರದಿಯಂತೆ ಎಲ್ಲ ಕೆಲಸ ಕಲಿಯತಕ್ಕದ್ದೆಂಬ ಪಠ್ಯಕ್ರಮದ ಆಶಯವೇ ‘ಕಾರ್ಯಪಲ್ಲಟ’. ಇದು ಐದು ಬಗೆ: ನಿರ್ದೇಶನಾತ್ಮಕ, ಛಾಯಾತ್ಮಕ, ಶ್ರವಣಾತ್ಮಕ, ಸಾತತ್ಯಾತ್ಮಕ, ಹೊರೆಯಾತ್ಮಕ.

ನಿರ್ದೇಶನಾತ್ಮಕವು ಕ್ಯಾಮೆರಾ ಯಾರ ಅಪ್ಪ ಕೊಡಿಸಿದ್ದೋ ಆತನಲ್ಲಿ ನೆಲೆಗೊಳ್ಳುವ ಪ್ರಜ್ಞಾವಿಶೇಷ. ಲಕ್ಷಣ: ಕುತ್ತಿಗೆಗೆ ಹೆಡ್‌ಫೋನ್, ಬಾಯಿಗೆ ತಾರ್ಕೊವ್‌ಸ್ಕಿ. ಇದು ಪಲ್ಲಟಗೊಂಡ ನಿದರ್ಶನಗಳು ವಿರಳ.

ಛಾಯಾತ್ಮಕದಲ್ಲಿ ಫೋಕಸ್ ಪುಲ್ಲರ್ ಮುಖ್ಯ. ಕ್ಯಾಮೆರಾದ ಸೆನ್ಸರ್ ಗುರುತಿನಿಂದ ನಟನ ಕಣ್ಣಿನವರೆಗೆ ಟೇಪು ಹಿಡಿದು ಅಳೆದು, ನೆಲಕ್ಕೆ ಗುರುತು ಅಂಟಿಸಿ, ನಟ ಆ ಗುರುತು ದಾಟಿ ನಿಂತಾಗ ಬೈಸಿಕೊಳ್ಳುವವನು ಈತ.

ಶ್ರವಣಾತ್ಮಕದ ತಿರುಳು ಮೌನ. ದೃಶ್ಯ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಅಲುಗದೆ ನಿಂತು ಖಾಲಿ ಕೋಣೆಯ ಸದ್ದನ್ನು ದಾಖಲಿಸಬೇಕು. ಸಂಕಲನದಲ್ಲಿ ಮಾತುಗಳ ನಡುವಣ ಬಿರುಕು ಮುಚ್ಚುವುದು ಇದೇ. ಪಲಾವಿನ ಡಬ್ಬಿ ತೆರೆಯುವುದೂ ಆ ಅರ್ಧ ನಿಮಿಷದಲ್ಲೇ. ಕ್ಲಾಪ್ ಕಿರಿಯರ ಪಾಲು. ಸೆಕೆಂಡಿಗೆ 24 ಫ್ರೇಮುಗಳಲ್ಲಿ ಹಲಗೆ ಕೂಡುವ ಆ ಒಂದಕ್ಕೆ ಏಟಿನ ಸದ್ದು ಜೋಡಿಸಿದರೆ ಮಾತಿಗೂ ತುಟಿಗೂ ಹೊಂದಿಕೆ. ಹಾಗೆಂದು ಆ ಕಿರಿಯನಿಗೆ ಯಾರೂ ಹೇಳಿರುವುದಿಲ್ಲ.

ಉಳಿದೆರಡಕ್ಕೆ ಲಕ್ಷಣ, ಉಪಲಕ್ಷಣಗಳ ಗೊಡವೆ ಬೇಡ. ಅಕ್ಷರ ದುಂಡಗಿದೆಯೆಂದು ಹುಡುಗಿಗೆ ಮೊದಲ ಸೆಮಿಸ್ಟರಿನಲ್ಲಿ ಕಂಟಿನ್ಯುಟಿ ಪುಸ್ತಕ, ಎರಡನೆಯದರಲ್ಲೂ ಅದೇ, ಆಮೇಲೆ ಜೊತೆಗೆ ಕಾಸ್ಟ್ಯೂಮು. ಲೋಟ ಯಾವ ಕೈಯಲ್ಲಿತ್ತು, ಕಾಫಿ ಎಷ್ಟು ಇಳಿದಿತ್ತು, ಸೆರಗು ಯಾವ ಭುಜದ ಮೇಲಿತ್ತು ಎಂದು ಅವಳು ಬರೆದಿಡದಿದ್ದರೆ ಎರಡು ಶಾಟುಗಳು ಕೂಡುವುದಿಲ್ಲ. ಅವಳು ಕ್ಯಾಮೆರಾ ಮುಟ್ಟಹೋದರೆ ಮಾತ್ರ “ಭಾರ ಇದೆ, ಬಿಡಿ” ಎಂಬ ಕಾಳಜಿ. ಬಟ್ಟೆಯ ಟ್ರಂಕನ್ನು ಅವಳೊಬ್ಬಳೇ ಮಹಡಿ ಹತ್ತಿಸುವಾಗ ಭಾರದ ಮಾತೇ ಇಲ್ಲ. ಇದು ಪಲ್ಲಟವಲ್ಲ, ಕಟ್ಟಿಹಾಕುವುದು.

ಇನ್ನು ಬಾಡಿಗೆ ದೀಪಗಳ ಜೊತೆ ಬಂದ ಲೈಟ್‌ಮನ್. ಕಾದ ದೀಪದ ರೆಕ್ಕೆಗಳನ್ನು ಬಟ್ಟೆ ಸುತ್ತಿದ ಕೈಯಲ್ಲಿ ತಿರುಗಿಸುವ ಈತನಿಗೆ, ಥರ್ಮಾಕೋಲಿಗೆ ಬಡಿದು ಮರಳುವ ಬೆಳಕು ಮುಖವನ್ನು ಹೇಗೆ ಮೆತ್ತಗಾಗಿಸುತ್ತದೆಂದು ಚೆನ್ನಾಗಿ ಗೊತ್ತು. ಈತನನ್ನು ಕೇಳಿ ಕಲಿಯಲು ಪಠ್ಯಕ್ರಮದಲ್ಲಿ ಅವಧಿಯಿಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ಗಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಕ್ಕೆ ತಿರುಗಿಸಿದ್ದನ್ನು ತರಗತಿಯಲ್ಲಿ ಸ್ಲೈಡು ಹಾಕಿ ಕೊಂಡಾಡಲಾಗುತ್ತದೆ. ಆ ಕನ್ನಡಿಗಳನ್ನು ಹೊತ್ತು ತಂದು ನಿಲ್ಲಿಸಿದವರ ಹೆಸರು ಸ್ಲೈಡಿನಲ್ಲಿಲ್ಲ. ಕಿರುಚಿತ್ರದ ಟೈಟಲ್ಲಿನಲ್ಲೂ ಲೈಟ್‌ಮನ್ “ಮತ್ತು ಮಿತ್ರವೃಂದ”ದೊಳಗೆ ಲೀನ.

ಸೆಮಿಸ್ಟರಿನ ಕೊನೆಗೆ ಕಾರ್ಯಪಲ್ಲಟ ಸಂಪನ್ನಗೊಂಡಿತೆಂದು ವಿಭಾಗವು ದೃಢೀಕರಿಸಿ ಮೊಹರು ಹಾಕುತ್ತದೆ. ಅಂಕಪಟ್ಟಿಯಲ್ಲಿ ನಿರ್ದೇಶಕನಿಗೆ ಬೂಮ್ ಮೈಕ್ ಹಿಡಿದುದಕ್ಕೂ ಅಂಕ ಬಂದಿರುತ್ತದೆ.